ಕಲಾಯಿ ಹಾಕಿಸಿದ ಹಿತ್ತಾಳೆ ಬೋಗುಣಿ: ಆರು ವರ್ಷದ ಬಳಕೆಯ ನಂತರ

2019ರಲ್ಲಿ ತವರಿನಿಂದ ಬಾಗಲಕೋಟೆಯ ನವನಗರದ ನಮ್ಮ ಮನೆಗೆ ಬಂದ ಈ ಬೋಗುಣಿಯ ಗಟ್ಟಿತನದ ಬಗ್ಗೆ ನನಗೆ ಯಾವ ದೂರೂ ಇಲ್ಲ. ಆರು ವರ್ಷ ನನ್ನನ್ನು ಸತಾಯಿಸಿದ್ದು ಅದರ ಒಳಮೈಯ ಕಲಾಯಿ, ಅಂದರೆ ತವರ ಎಂಬ ಲೋಹದ ತೆಳು ಲೇಪ. ತವರಿನ ಬೋಗುಣಿಗೆ ತವರದ ಕಾಟ ಎಂದು ಮನೆಯವರು ಇಂದಿಗೂ ನಗೆಯಾಡುತ್ತಾರೆ.

ಲೇಪ ಬೇಡವೆನ್ನುವಂತಿಲ್ಲ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಪುಂಡಿಪಲ್ಲೆಯನ್ನೋ ಹುಣಸೆಹುಳಿ ಬಿದ್ದ ಕಟ್ಟಿನ ಸಾರನ್ನೋ ಬರೀ ಹಿತ್ತಾಳೆಯಲ್ಲಿ ಕುದಿಸಿದರೆ ತಾಮ್ರ ಅದರೊಳಗೆ ಇಳಿದು ಬಾಯಿಗೆ ಕಿಲುಬಿನ ರುಚಿ ಹತ್ತುತ್ತದೆ. ತವರ ಹುಳಿಗೆ ಅಷ್ಟು ಬೇಗ ಸೋಲುವುದಿಲ್ಲ.

ಅದು ಸೋಲುವುದು ಬೆಂಕಿಗೆ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು, ತವರಕ್ಕೆ 232 ಸಾಕು. ಪಾತ್ರೆಯಲ್ಲಿ ನೀರು ಕುದಿಯುತ್ತಿರುವವರೆಗೆ ಶಾಖ 100ರ ಆಸುಪಾಸಿನಲ್ಲೇ ನಿಲ್ಲುವುದರಿಂದ ಕಲಾಯಿಗೆ ಅಪಾಯವಿಲ್ಲ. ಆದರೆ ಮೊದಲ ವರ್ಷ ನಾನು ಅದೇ ಬೋಗುಣಿಯನ್ನು ಒಗ್ಗರಣೆಗೆಂದು ಒಲೆಯ ಮೇಲಿಟ್ಟು, ಎಣ್ಣೆ ಹಾಕುವ ಮೊದಲೇ ಫೋನಿಗೆ ಹೋಗಿ ಮಾತಿಗೆ ನಿಂತೆ. ಮರಳಿ ಬಂದಾಗ ತಳದ ಬೆಳ್ಳನೆಯ ಲೇಪ ಸಾಸಿವೆಯಷ್ಟು ಸಣ್ಣ ಹನಿಗಳಾಗಿ ಒಂದು ಮಗ್ಗುಲಿಗೆ ಸರಿದು, ನಡುವೆ ಹಳದಿ ಹಿತ್ತಾಳೆ ಇಣುಕುತ್ತಿತ್ತು. ಈಗ ಒಗ್ಗರಣೆಗೆ ಕಬ್ಬಿಣದ ಸೌಟು ಬೇರೆಯೇ ಇದೆ.

ಆ ತಪ್ಪು ನನ್ನದು, ಒಪ್ಪುತ್ತೇನೆ. ಎರಡನೆಯ ಸಲದ ಕಲಾಯಿಯ ಬಗ್ಗೆ ಮಾತ್ರ ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅಗ್ಗದ ದರ ಕೇಳಿ ಒಬ್ಬರ ಕೈಗೆ ಕೊಟ್ಟೆ. ತಿಂಗಳೊಳಗೆ ಲೇಪ ಮಬ್ಬಾಯಿತು, ಬಿಳಿ ಬಟ್ಟೆಯಿಂದ ಒರೆಸಿದರೆ ಬೂದುಗಪ್ಪು ಕಲೆ ಹತ್ತುತ್ತಿತ್ತು. ಸೀಸ ತವರಕ್ಕಿಂತ ಬಹಳ ಅಗ್ಗ, ತವರದೊಡನೆ ಸುಲಭವಾಗಿ ಬೆರೆಯುತ್ತದೆ, ಕಾಗದದ ಮೇಲೆ ತಿಕ್ಕಿದರೆ ಇಂಥದ್ದೇ ಗೆರೆ ಬಿಡುತ್ತದೆ. ಪರೀಕ್ಷೆ ಮಾಡಿಸಲಿಲ್ಲವಾದ್ದರಿಂದ ಸೀಸವೇ ಬೆರೆತಿತ್ತೆಂದು ಆಣೆಯಿಟ್ಟು ಹೇಳಲಾರೆ. ಆದರೆ ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ, ಮಕ್ಕಳಿರುವ ಮನೆಯಲ್ಲಿ ಸಂಶಯವಷ್ಟೇ ಸಾಕಾಗಿತ್ತು. ಬೋಗುಣಿ ಒಂದು ವರ್ಷ ಅಟ್ಟ ಸೇರಿತು.

ಮೂರನೆಯ ಸಲ ಬಂದ ಹಿರಿಯ ಕಲಾಯಿಗಾರರು ಕೆಲಸಕ್ಕೆ ಮೊದಲು ತವರದ ಕಡ್ಡಿಯೊಂದನ್ನು ನನ್ನ ಕಿವಿಯ ಬಳಿ ಹಿಡಿದು ಬಗ್ಗಿಸಿದರು. ಒಣ ಸೊಪ್ಪೆ ಮುರಿದಂತೆ ಸಣ್ಣಗೆ ಕಿರ್ರೆಂದಿತು. "ಕೇಳ್ರೀ ಅಕ್ಕಾರ, ಖರೇ ತವರಾ ಇದ್ರ ಹಿಂಗ ಚೀರತೈತಿ" ಎಂದರು. ಲೋಹದೊಳಗಿನ ಹರಳುಗಳು ದಿಕ್ಕು ಬದಲಿಸುವಾಗ ಏಳುವ ಸದ್ದು ಅದು. ಬಳಿಕ ಇದ್ದಲಿನ ಮೇಲೆ ಬೋಗುಣಿ ಕಾಯಿಸಿ ನವಸಾಗರದ, ಅಂದರೆ ಅಮೋನಿಯಂ ಕ್ಲೋರೈಡಿನ, ಪುಡಿ ಉದುರಿಸಿದರು. ಕಣ್ಣುರಿಸುವ ಬಿಳಿ ಹೊಗೆಯೆದ್ದು ಲೋಹದ ಮೇಲಿನ ಕಿಲುಬು ಬಿಟ್ಟಿತು. ಕಡ್ಡಿ ತಾಕಿಸಿದ್ದೇ ತಡ ತವರ ಬೆಣ್ಣೆಯಂತೆ ಕರಗಿತು, ಅರಳೆಯ ಉಂಡೆಯಿಂದ ಎರಡು ಸುತ್ತು ಒರೆಸುವಷ್ಟರಲ್ಲಿ ಒಳಮೈಯೆಲ್ಲ ಕನ್ನಡಿಯಾಯಿತು. ನನ್ನ ಲೇಪವನ್ನು ಹಾಳುಮಾಡಿದ 232 ಡಿಗ್ರಿಯೇ ಈ ಕೆಲಸವನ್ನು ಇದ್ದಲಿನ ಒಲೆಯಲ್ಲಿ ಸಾಧ್ಯವಾಗಿಸುತ್ತದೆ ಎಂಬುದು ಹೊಗೆಯ ನಡುವೆ ನಿಂತಾಗ ಹೊಳೆಯಿತು, ಸಿಟ್ಟು ಅರ್ಧ ಇಳಿಯಿತು.

ತವರ ಮೆತ್ತಗಿನ ಲೋಹವಾದ್ದರಿಂದ ಸ್ಟೀಲಿನ ಚಮಚ, ತಂತಿಯ ಉಜ್ಜುಗಳನ್ನು ಹತ್ತಿರ ಸೇರಿಸುವುದಿಲ್ಲ. ಕಟ್ಟಿಗೆಯ ಸೌಟು, ರಾತ್ರಿ ನೆನೆಹಾಕಿದ ನೀರು, ಬೆಳಿಗ್ಗೆ ಒಣಗಿದ ಹೀರೇಕಾಯಿಯ ನಾರು, ಕೊನೆಗೆ ಹಳೆಯ ಧೋತರದ ತುಂಡಿನಿಂದ ಒರೆಸುವುದು: ಇಷ್ಟು ಮಾಡುವಾಗ ಒಳಗೆ ನನ್ನ ಬಳೆಯ ನೆರಳು ಕಾಣಬೇಕು, ಅದೇ ನನ್ನ ಅಳತೆ.

ಒಂದು ಸಲದ ಕಲಾಯಿಗೆ ನಾನು ಕೊಟ್ಟದ್ದು 400 ರೂಪಾಯಿ, ವರ್ಷಕ್ಕೊಮ್ಮೆ ಬೇಕೇ ಬೇಕು. ಗಡಿಬಿಡಿಯ ಅಡುಗೆಮನೆಗೆ ಸ್ಟೀಲೇ ಸರಿ. ನಾನು ಇದನ್ನು ಭಾನುವಾರದ ಪುಂಡಿಪಲ್ಲೆಗೆ ಮತ್ತು ಹೋಳಿಗೆಯ ದಿನದ ಸಾರಿಗೆ ಮೀಸಲಿಟ್ಟಿದ್ದೇನೆ. ಸದ್ಯ ತಳದಲ್ಲಿ ಎಂಟಾಣೆ ಅಗಲದ ಹಳದಿ ಮಚ್ಚೆ ಮತ್ತೆ ಕಾಣಿಸಿದೆ. ಕಲಾಯಿಗಾರರು ದೀಪಾವಳಿಗೆ ಮುಂಚೆ ಬರುತ್ತೇನೆಂದಿದ್ದಾರೆ.