ಇಂಜಿನ್ ಲೈಟ್ ಉರಿಯುತ್ತಿರುವ ಸೆಕೆಂಡ್ ಹ್ಯಾಂಡ್ ಕಾರು: ತಗೊಳ್ಳಬಹುದಾ?

ಎಂಟು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮ್ಯಾನುಯಲ್ ಗೇರ್. ಮೀಟರ್‌ನಲ್ಲಿ 70 ಸಾವಿರ ಕಿಲೋಮೀಟರ್ ದಾಟಿದೆ. ಒಬ್ಬರೇ ಓನರ್, ಬಾಡಿ ನೆಟ್ಟಗಿದೆ, ಸರ್ವಿಸ್ ಪುಸ್ತಕವೂ ಇದೆ. ಒಂದೇ ತಕರಾರು ಅಂದ್ರೆ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ಇಂಜಿನ್ ಲೈಟ್ ಉರಿಯುತ್ತಿತ್ತು. ಮಾರುವವರು ಅದನ್ನು ಮುಚ್ಚಿಡಲಿಲ್ಲ, ಫೋನಿನಲ್ಲೇ ಹೇಳಿದರು: "ಬರೀ ಸೆನ್ಸರ್ ಅಷ್ಟೇ, ಓಡಿಸೋಕೆ ಏನೂ ತೊಂದರೆ ಇಲ್ಲ." ಇದೇ ಮಾಡೆಲ್‌ನ ಬೇರೆ ಗಾಡಿಗಳಿಗಿಂತ ಬೆಲೆ ಸ್ವಲ್ಪ ಕಡಿಮೆ ಇತ್ತು. ಕಂಪನಿ ಹೆಸರು ಬೇಡ ಬಿಡಿ, ಈ ದೋಷ ಯಾವ ಕಂಪನಿ ಗಾಡಿಗೂ ಬರುವಂಥದ್ದೇ.

ಗಾಡಿ ನೋಡಿ, ಓಡಿಸಿ, ಮೆಕ್ಯಾನಿಕ್ ಹತ್ತಿರ ಎತ್ತಿಸಿ, ಕೊನೆಗೆ ತಗೊಂಡೆ. ಯಾಕೆ ತಗೊಂಡೆ, ಯಾವಾಗ ಬಿಟ್ಟು ಬರುತ್ತಿದ್ದೆ ಅನ್ನೋದನ್ನ ಬರೆಯುತ್ತೇನೆ.

ಮೊದಲನೆಯದಾಗಿ ಆ "ಬರೀ ಸೆನ್ಸರ್" ಮಾತು. ಬರೀ ಸೆನ್ಸರ್ ಆಗಿದ್ದರೆ ಅದನ್ನು ಬದಲಾಯಿಸಿ, ಲೈಟ್ ಆರಿಸಿ, ಪೂರ್ತಿ ಬೆಲೆಗೇ ಮಾರಬಹುದಿತ್ತು ಅಲ್ವಾ? ಯಾಕೆ ಮಾಡಲಿಲ್ಲ ಅಂತ ನೇರವಾಗಿಯೇ ಕೇಳಿದೆ. ಮೆಕ್ಯಾನಿಕ್ ಒಬ್ಬರು ಹಾಗೆ ಹೇಳಿದ್ದರಂತೆ, ಹೇಗೂ ಮಾರೋ ಗಾಡಿ ಅಂತ ಇವರು ಕೈ ಹಾಕಲಿಲ್ಲವಂತೆ. ನಂಬುವಂಥ ಉತ್ತರವೇ. ಆದರೆ ನಂಬಿದ ಮಾತ್ರಕ್ಕೆ ರಿಪೇರಿ ಖರ್ಚು ಕಡಿಮೆ ಆಗಲ್ಲ. ಅವರು ಸುಳ್ಳು ಹೇಳದೇ ಇರಬಹುದು, ಅವರಿಗೆ ಹೇಳಿದವರೇ ಊಹೆ ಮೇಲೆ ಹೇಳಿರಬಹುದು.

ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟು ನೋಡಿದೆ, ತಣ್ಣಗಿತ್ತು. ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿದ್ದೆ. ಬಿಸಿ ಇಂಜಿನ್ ಬಹಳಷ್ಟು ರೋಗಗಳನ್ನು ಮುಚ್ಚಿಡುತ್ತದೆ, ಇದು ನೆನಪಿರಲಿ. ಆಮೇಲೆ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದೆ. ಆಗ ಇಂಜಿನ್ ಲೈಟ್, ಏರ್‌ಬ್ಯಾಗ್, ಎಬಿಎಸ್, ಆಯಿಲ್, ಬ್ಯಾಟರಿ ಎಲ್ಲಾ ಲೈಟುಗಳೂ ಒಮ್ಮೆ ಹತ್ತಬೇಕು. ಯಾವುದಾದರೂ ಒಂದು ಹತ್ತಲೇ ಇಲ್ಲ ಅಂದ್ರೆ ಆ ಬಲ್ಬ್ ಹೋಗಿದೆ, ಇಲ್ಲಾ ಯಾರೋ ಬೇಕೆಂದೇ ತೆಗೆದಿದ್ದಾರೆ. ಈ ಲೆಕ್ಕದಲ್ಲಿ ಲೈಟ್ ಉರಿಯುತ್ತಿರುವ ಗಾಡಿ ಒಂಥರಾ ಪ್ರಾಮಾಣಿಕ. ಲೈಟೇ ಬರದ ಹಾಗೆ ಮಾಡಿಟ್ಟ ಗಾಡಿಗೆ ಹೆದರಬೇಕು. ಇದರಲ್ಲಿ ಎಲ್ಲವೂ ಹತ್ತಿದವು. ಸ್ಟಾರ್ಟ್ ಆದ ಮೇಲೆ ಇಂಜಿನ್ ಲೈಟ್ ಒಂದು ಬಿಟ್ಟು ಎಲ್ಲವೂ ಆರಿದವು.

ಸ್ಟೀರಿಂಗ್ ಕೆಳಗೆ ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದೋಕೆ 16 ಪಿನ್‌ನ ಓಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಸಿಗಿಸುವ ಚಿಕ್ಕ ಬ್ಲೂಟೂತ್ ಸ್ಕ್ಯಾನರ್ ಮತ್ತು ಫೋನಿನಲ್ಲಿ ಒಂದು ಆಪ್ ಇದ್ದರೆ ಸಾಕು. ಹಳೇ ಗಾಡಿ ಹುಡುಕುತ್ತಿರುವವರು ಇದೊಂದನ್ನ ಇಟ್ಟುಕೊಳ್ಳಲೇಬೇಕು. ಸಿಗಿಸಿದಾಗ ಬಂದ ಕೋಡ್ ಪಿ0420. ಇಂಜಿನ್ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸಾಕಷ್ಟು ಕೆಲಸ ಮಾಡ್ತಿಲ್ಲ ಅನ್ನೋದು ಇದರ ಅರ್ಥ. ಅಂದ್ರೆ, ಗಾಡಿಯ ಕಂಪ್ಯೂಟರ್‌ಗೆ ಹಾಗೆ ಅನಿಸುತ್ತಿದೆ. ಕೋಡ್ ಹೇಳೋದು ಅನುಮಾನವನ್ನು ಮಾತ್ರ. ಯಾವ ಭಾಗ ಬದಲಾಯಿಸಬೇಕು ಅಂತ ಅದು ಹೇಳಲ್ಲ.

"ಬರೀ ಸೆನ್ಸರ್" ಅನ್ನುವ ಮಾತು ದುಬಾರಿಯಾಗೋದು ಇಲ್ಲೇ. ಹೊಗೆ ಪೈಪಿನಲ್ಲಿ ಕನ್ವರ್ಟರ್‌ಗೆ ಮುಂಚೆ ಒಂದು ಆಕ್ಸಿಜನ್ ಸೆನ್ಸರ್, ಅದು ದಾಟಿದ ಮೇಲೆ ಇನ್ನೊಂದು ಇರುತ್ತದೆ. ಮುಂದಿನದರ ವೋಲ್ಟೇಜ್ ಸುಮಾರು 0.1ರಿಂದ 0.9ರ ನಡುವೆ ಮೇಲೆ ಕೆಳಗೆ ಆಡುತ್ತಲೇ ಇರಬೇಕು. ಕನ್ವರ್ಟರ್ ಚೆನ್ನಾಗಿದ್ದರೆ ಹಿಂದಿನದು 0.6, 0.7ರ ಆಸುಪಾಸಿನಲ್ಲಿ ಹೆಚ್ಚು ಕದಲದೆ ನಿಲ್ಲುತ್ತದೆ. ಹಿಂದಿನದೂ ಮುಂದಿನದರ ಹಾಗೆಯೇ ಕುಣಿಯಲು ಶುರು ಮಾಡಿದರೆ ಈ ಕೋಡ್ ಬರುತ್ತದೆ. ಅದಕ್ಕೆ ಕಾರಣ ಮೂರು ಇರಬಹುದು. ಸೆನ್ಸರ್ ಕೆಟ್ಟಿರಬಹುದು, ಇದು ಸಣ್ಣ ಖರ್ಚು. ಪೈಪಿನ ಜೋಡಣೆಯಲ್ಲಿ ಎಲ್ಲೋ ಗಾಳಿ ಸೋರುತ್ತಿರಬಹುದು, ಸಂದು ಮುಚ್ಚುವ ಗ್ಯಾಸ್ಕೆಟ್ ಅಂತೂ ಅಗ್ಗ. ಇಲ್ಲವೇ ಕನ್ವರ್ಟರೇ ಸತ್ತಿರಬಹುದು. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತವೆ, ಹಾಗಾಗಿ ಕಂಪನಿಯ ಹೊಸ ಕನ್ವರ್ಟರ್ ಹಾಕಿಸಿದರೆ ಹಳೇ ಗಾಡಿಯ ಮಟ್ಟಿಗೆ ಮೂಗಿಗಿಂತ ಮೂಗುತಿ ಭಾರ. ಮೂರಕ್ಕೂ ಲೈಟ್ ಒಂದೇ, ಕೋಡ್ ಒಂದೇ.

ಇನ್ನೊಂದು ವಿಷಯ ತುಂಬಾ ಜನ ಯೋಚಿಸೋದೇ ಇಲ್ಲ. ಕನ್ವರ್ಟರ್ ತಾನಾಗಿಯೇ ಸಾಯೋದು ಅಪರೂಪ, ಸಾಮಾನ್ಯವಾಗಿ ಏನೋ ಒಂದು ಅದನ್ನು ಕೊಂದಿರುತ್ತದೆ. ಇಂಜಿನ್ ಆಯಿಲ್ ಕುಡಿಯುತ್ತಿದ್ದರೆ ಆಯಿಲ್‌ನಲ್ಲಿರುವ ರಂಜಕ ಹೋಗಿ ಅದಕ್ಕೆ ಮೆತ್ತಿಕೊಳ್ಳುತ್ತದೆ. ಮಿಸ್‌ಫೈರ್ ಇದ್ದರೆ, ಅಂದ್ರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿದ್ದರೆ, ಉರಿಯದ ಪೆಟ್ರೋಲ್ ಅದರೊಳಗೇ ಉರಿದು ಒಳಗಿನ ಜೇನುಗೂಡಿನಂಥ ಭಾಗ ಕರಗಿ ಹೋಗುತ್ತದೆ. ಅಂಥ ಗಾಡಿಗೆ ಹೊಸ ಕನ್ವರ್ಟರ್ ಹಾಕಿದರೂ ಸ್ವಲ್ಪ ದಿನದಲ್ಲಿ ಅದೂ ಹೋಗುತ್ತದೆ. ಅದಕ್ಕೇ ಕನ್ವರ್ಟರ್ ನೋಡುವ ಮುಂಚೆ ಇಂಜಿನ್ ನೋಡಿದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಸರಿಯಾದ ಗೆರೆಯಲ್ಲಿತ್ತು. ಸ್ವಲ್ಪ ಹೊತ್ತು ಐಡಲ್‌ನಲ್ಲಿ ಬಿಟ್ಟು, ಆಮೇಲೆ ಒಮ್ಮೆಲೇ ಆಕ್ಸಿಲರೇಟರ್ ಕೊಟ್ಟು ಹಿಂದೆ ನೋಡಿದರೆ ನೀಲಿ ಹೊಗೆ ಇಲ್ಲ. ಕೂಲೆಂಟ್ ಡಬ್ಬಿಯಲ್ಲಿ ಗುಳ್ಳೆ ಏಳುತ್ತಿಲ್ಲ. ಸ್ಕ್ಯಾನರ್‌ನಲ್ಲಿ ಮಿಸ್‌ಫೈರ್ ಕೋಡ್ ಒಂದೂ ಇಲ್ಲ. (ಇಂಜಿನ್ ಲೈಟ್ ಸುಮ್ನೆ ಉರಿಯುವ ಬದಲು ಮಿಣಮಿಣ ಮಿನುಗುತ್ತಿದ್ದರೆ ಅದು ಬೇರೆಯೇ ಕಥೆ. ಕನ್ವರ್ಟರ್ ಹಾಳಾಗುವಷ್ಟು ಜೋರು ಮಿಸ್‌ಫೈರ್ ಆ ಹೊತ್ತಿನಲ್ಲೇ ನಡೀತಿದೆ ಅಂತ ಅರ್ಥ. ಅಂಥ ಗಾಡಿಯನ್ನು ಟೆಸ್ಟ್ ಡ್ರೈವ್ ಕೂಡ ಮಾಡಬೇಡಿ.)

ಸ್ಕ್ಯಾನರ್ ಇನ್ನೂ ಎರಡು ಅಂಕಿ ತೋರಿಸಿತು. ಒಂದು, ಲೈಟ್ ಹತ್ತಿದ ಮೇಲೆ ಗಾಡಿ ಓಡಿದ ದೂರ. ಇನ್ನೊಂದು, ಕೋಡ್ ಕೊನೇ ಸಲ ಅಳಿಸಿದ ಮೇಲೆ ಓಡಿದ ದೂರ. ನಮ್ಮ ಬಾಯಿ ಏನೇ ಹೇಳಲಿ, ಈ ಅಂಕಿಗಳನ್ನು ಲೆಕ್ಕ ಇಡೋದು ಗಾಡಿಯೇ. ಮಾರುವವರು "ಒಂದು ತಿಂಗಳ ಮೇಲಾಯ್ತು" ಅಂದಿದ್ದರು, ಲೈಟ್ ಹತ್ತಿ ಓಡಿದ್ದು ಸುಮಾರು 900 ಕಿಲೋಮೀಟರ್ ಅಂತ ತೋರಿಸಿತು. ತಾಳೆ ಆಯಿತು. ಅದೇ "ನಿನ್ನೆ ಮೊನ್ನೆ ಬಂತು" ಅಂತ ಹೇಳಿ ಇಲ್ಲಿ ಸಾವಿರಗಟ್ಟಲೆ ಕಿಲೋಮೀಟರ್ ಕಾಣಿಸಿದ್ದರೆ ಅಲ್ಲಿಂದಲೇ ವಾಪಸ್. ಲೈಟೇ ಇಲ್ಲದ ಗಾಡಿಯಲ್ಲೂ ಇದನ್ನ ನೋಡಿ. ಕೋಡ್ ಅಳಿಸಿದರೆ ಅಥವಾ ಬ್ಯಾಟರಿ ವೈರ್ ಕಳಚಿದರೆ "ರೆಡಿನೆಸ್ ಮಾನಿಟರ್" ಅನ್ನುವವು (ಗಾಡಿ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡ ಲೆಕ್ಕ) ಖಾಲಿಯಾಗಿ "ಇನ್ನೂ ಮುಗಿದಿಲ್ಲ" ಅಂತ ತೋರಿಸುತ್ತವೆ. ಅವು ಮತ್ತೆ ಭರ್ತಿಯಾಗಬೇಕಾದರೆ ಗಾಡಿ ಬೇರೆ ಬೇರೆ ವೇಗದಲ್ಲಿ ಒಂದಷ್ಟು ಓಡಬೇಕು. ಲೈಟ್ ಇಲ್ಲ, ಮಾನಿಟರ್‌ಗಳೂ ಖಾಲಿ ಅಂದ್ರೆ ನೀವು ಬರ್ತೀರಿ ಅಂತಲೇ ಯಾರೋ ಅಳಿಸಿರುವ ಸಾಧ್ಯತೆ ಜಾಸ್ತಿ.

ಈಗ ನಿಜವಾದ ರೋಗಕ್ಕೆ ಬರೋಣ. ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿದಾಗ ಬಾನೆಟ್ ಕಡೆಯಿಂದ ಸಣ್ಣಗೆ ಟಿಕ್ ಟಿಕ್ ಅನ್ನುವ ಸದ್ದು ಬರುತ್ತಿತ್ತು. ಟ್ಯಾಪೆಟ್ ಸದ್ದಿನ ಹಾಗೇ, ಆದರೆ ಅದಕ್ಕಿಂತ ಮೆತ್ತಗೆ, ಉಸಿರು ಬಿಟ್ಟ ಹಾಗೆ. ಕೆಲವು ನಿಮಿಷ ಓಡಿದ ಮೇಲೆ ಸದ್ದು ನಿಂತಿತು. ಬಿಸಿಯಾದಂತೆ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಅದಕ್ಕೇ ನಿಂತದ್ದು. ಗಾಡಿಯನ್ನು ಬಿಸಿ ಮಾಡಿ ನಿಲ್ಲಿಸಿದ್ದರೆ ಈ ಸದ್ದು ನನಗೆ ಕೇಳಿಸುತ್ತಲೇ ಇರಲಿಲ್ಲ. ಟಾರ್ಚ್ ಹಾಕಿ ನೋಡಿದರೆ ಇಂಜಿನ್‌ನಿಂದ ಹೊಗೆ ಹೊರಬರುವ ಮ್ಯಾನಿಫೋಲ್ಡ್ ಮತ್ತು ಕನ್ವರ್ಟರ್ ಸೇರುವ ಫ್ಲ್ಯಾಂಜ್ ಪಕ್ಕದಲ್ಲಿ, ಬೆರಳಗಲದಷ್ಟು ಜಾಗದಲ್ಲಿ, ಕಪ್ಪಗೆ ಮಸಿ ಹಿಡಿದಿತ್ತು. ಸುತ್ತಲಿನ ಲೋಹ ಎಲ್ಲಾ ಕಂದು ತುಕ್ಕು, ಅಲ್ಲಿ ಮಾತ್ರ ಮಸಿ. ಹೊಗೆ ಅಲ್ಲಿಂದ ಹೊರಗೆ ಬರುತ್ತಿದೆ, ಎರಡು ಉಸಿರಿನ ನಡುವೆ ಹೊರಗಿನ ಗಾಳಿಯೂ ಅಲ್ಲಿಂದಲೇ ಒಳಗೆ ಹೋಗುತ್ತಿದೆ. ಆ ಗಾಳಿಯಲ್ಲಿರುವ ಆಕ್ಸಿಜನ್‌ನಿಂದಾಗಿ ಹಿಂದಿನ ಸೆನ್ಸರ್‌ನ ರೀಡಿಂಗ್ ದಿಕ್ಕಾಪಾಲು.

ಲೈವ್ ಡೇಟಾದಲ್ಲೂ ಅದೇ ಕಾಣಿಸಿತು. ಐಡಲ್‌ನಲ್ಲಿ ಹಿಂದಿನ ಸೆನ್ಸರ್ ಕುಣಿಯುತ್ತಿತ್ತು. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ 2,500 ಆರ್‌ಪಿಎಂನಲ್ಲಿ ಸ್ವಲ್ಪ ಹೊತ್ತು ಹಿಡಿದಾಗ ಬಹುಮಟ್ಟಿಗೆ ಒಂದೇ ಕಡೆ ನಿಂತಿತು. ಕನ್ವರ್ಟರ್ ಸತ್ತಿದ್ದರೆ ಹೀಗೆ ನಿಲ್ಲುವುದು ಕಷ್ಟ. ಕೆಲವು ಗಾಡಿಗಳಲ್ಲಿ ಮುಂದಿನ ಸೆನ್ಸರ್ ಬೇರೆ ಜಾತಿಯದು, ಅದರಲ್ಲಿ ನಾನು ಹೇಳಿದ ಏರಿಳಿತ ಕಾಣಲ್ಲ, ಅಲ್ಲಿ ಹಿಂದಿನದನ್ನಷ್ಟೇ ನೋಡಿ.

ಹಾಗಾದರೆ ಗ್ಯಾಸ್ಕೆಟ್ ಹಾಕಿದರೆ ಮುಗೀತು, ಬೆಲೆ ಯಾಕೆ ಇಳಿಸಬೇಕು? ಮಾರುವವರು ಕೇಳಿದ್ದೂ ಇದನ್ನೇ. ಲಿಫ್ಟ್ ಮೇಲೆ ಎತ್ತಿಸಿದಾಗ ಮೆಕ್ಯಾನಿಕ್ ತೋರಿಸಿದ್ದು ಗ್ಯಾಸ್ಕೆಟ್ ಅಲ್ಲ, ಅದನ್ನು ಹಿಡಿದಿರುವ ಸ್ಟಡ್‌ಗಳನ್ನು. ಎಂಟು ವರ್ಷ ಬೆಂಕಿಯಲ್ಲಿ ಬೆಂದು, ತುಕ್ಕು ಹಿಡಿದು, ನಟ್ ಯಾವುದು ಸ್ಟಡ್ ಯಾವುದು ಗೊತ್ತಾಗದ ಹಾಗೆ ಆಗಿದ್ದವು. ಬಿಚ್ಚಲು ಹೋದರೆ ಒಂದಾದರೂ ಮುರಿಯುತ್ತದೆ, ಮುರಿದರೆ ಡ್ರಿಲ್ ಹಾಕಿ ತೆಗೆಯಬೇಕು. ಸಣ್ಣ ದೋಷದ ಖರ್ಚು ಇರೋದು ಬಿಡಿಭಾಗದ ಬೆಲೆಯಲ್ಲಿ ಅಲ್ಲ, ಅಲ್ಲಿಗೆ ತಲುಪೋಕೆ ಏನೇನು ಬಿಚ್ಚಬೇಕು ಅನ್ನೋದರಲ್ಲಿ. ಆಯಿಲ್ ಜಿನುಗುವುದನ್ನೇ ತಗೊಳ್ಳಿ. ಮೇಲೆ ಟ್ಯಾಪೆಟ್ ಕವರ್ ಹತ್ತಿರ ಜಿನುಗಿದರೆ ನಾಲ್ಕು ಬೋಲ್ಟ್ ಬಿಚ್ಚುವ ಕೆಲಸ. ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆ, ಕ್ರ್ಯಾಂಕ್‌ನ ಹಿಂದಿನ ಸೀಲ್‌ನಲ್ಲಿ ಜಿನುಗಿದರೆ ಸೀಲ್ ಬೆಲೆ ಚಿಲ್ಲರೆ, ಆದರೆ ಗೇರ್‌ಬಾಕ್ಸ್ ಪೂರ್ತಿ ಕೆಳಗಿಳಿಸಬೇಕು. ಎರಡನ್ನೂ ಮಾರುವವರು ಹೇಳೋದು "ಸ್ವಲ್ಪ ಆಯಿಲ್ ಜಿನುಗುತ್ತೆ" ಅಂತಲೇ.

ಹಾಗಾಗಿ ಚೌಕಾಸಿಯಲ್ಲಿ ಗ್ಯಾಸ್ಕೆಟ್, ಮುರಿಯುವ ಸ್ಟಡ್‌ಗಳ ಕೂಲಿ, ಜೊತೆಗೆ ಒಂದು ಹಿಂದಿನ ಸೆನ್ಸರ್, ಇಷ್ಟನ್ನು ಕಳೆದು ಕೇಳಿದೆ. ಕನ್ವರ್ಟರ್ ಬೆಲೆ ಕಳೆಯಲಿಲ್ಲ. ಅದು ಹೋಗಿದೆ ಅನ್ನೋದಕ್ಕೆ ಸಾಕ್ಷಿ ಇಲ್ಲದಾಗ ಅದನ್ನೂ ಸೇರಿಸಿ ಕೇಳೋದು ಚೌಕಾಸಿ ಅಲ್ಲ, ಹೆದರಿಸೋದು. "ನಾನೇ ರಿಪೇರಿ ಮಾಡಿಸಿ ಕೊಡ್ತೀನಿ, ಬೆಲೆ ಹಾಗೇ ಇರಲಿ" ಅಂದರು. ಬೇಡ ಅಂದೆ. ಅವರ ಮೇಲೆ ಅನುಮಾನ ಅಂತಲ್ಲ. ಮಾರುವವರು ಮಾಡಿಸುವ ರಿಪೇರಿಯ ಗುರಿ ಲೈಟ್ ಆರುವುದು, ನನ್ನ ಗುರಿ ಸೋರಿಕೆ ನಿಲ್ಲುವುದು. ಲೈಟ್ ಆರಿಸೋಕೆ ಸ್ಕ್ಯಾನರ್‌ನಲ್ಲಿ ಒಂದು ಬಟನ್ ಒತ್ತಿದರೆ ಸಾಕು. ಸ್ವಲ್ಪ ಎಳೆದಾಡಿ ಒಪ್ಪಿಕೊಂಡರು.

ಗಾಡಿಯ ಉಳಿದ ವಿಷಯ ಬೇಗ ಹೇಳಿಬಿಡ್ತೀನಿ. ಕ್ಲಚ್ ಸ್ವಲ್ಪ ಮೇಲೆ ಹಿಡಿಯುತ್ತದೆ, ಆದರೆ ಜಾರುತ್ತಿಲ್ಲ. ಕಡಿಮೆ ವೇಗದಲ್ಲಿ ನಾಲ್ಕನೇ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಒಂದೇ ಹಾರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ ಅಂತ ತಿಳಿಯಿರಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿದಾಗ ಟಕಟಕ ಸದ್ದಿಲ್ಲ, ಆಕ್ಸಲ್ ಜಾಯಿಂಟ್ ಚೆನ್ನಾಗಿದೆ. ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗುವುದಿಲ್ಲ. ಎಸಿ ತಂಪು. ಹಿಂದಿನ ಎಡಗಡೆ ಪವರ್ ವಿಂಡೋ ಮಾತ್ರ ಆಮೆ. ಟೈರುಗಳಲ್ಲಿ ಗೀರಿನ ಆಳ ಬೇಕಾದಷ್ಟಿದೆ, ಆದರೆ ಪಕ್ಕದ ನಾಲ್ಕಂಕಿ ನೋಡಿದಾಗ ಬೇಸರವಾಯಿತು. ಅದರಲ್ಲಿ ಮೊದಲೆರಡು ಟೈರು ತಯಾರಾದ ವಾರ, ಕೊನೆಯೆರಡು ವರ್ಷ. ಉದಾಹರಣೆಗೆ 2319 ಅಂದ್ರೆ 2019ರ 23ನೇ ವಾರ. ಇದರಲ್ಲಿದ್ದವು ಗಾಡಿಯ ಜೊತೆಗೇ ಬಂದ ಟೈರುಗಳು. ಎಂಟು ವರ್ಷದ ರಬ್ಬರ್ ನೋಡೋಕೆ ಚೆನ್ನಾಗಿದ್ದರೂ ಗಟ್ಟಿಯಾಗಿರುತ್ತದೆ, ನಾನಾದರೆ ಬದಲಾಯಿಸುತ್ತೇನೆ. ಈ ಖರ್ಚು ಇಂಜಿನ್ ಲೈಟ್‌ಗಿಂತ ಜಾಸ್ತಿಯೇ ಬಂತು. ಇದರ ಬಗ್ಗೆ ಡ್ಯಾಶ್‌ಬೋರ್ಡ್‌ನಲ್ಲಿ ಯಾವ ಲೈಟೂ ಇರಲಿಲ್ಲ!

ಯಾವ "ಸಣ್ಣ" ದೋಷಕ್ಕೆ ನಾನು ಮಾತೇ ಆಡದೆ ಬಿಟ್ಟು ಬರುತ್ತಿದ್ದೆ? ಏರ್‌ಬ್ಯಾಗ್ ಲೈಟ್. ಅದು ಬರೀ ಒಂದು ಕನೆಕ್ಟರ್ ಇರಬಹುದು, ಹಿಂದೆ ಆದ ಆಕ್ಸಿಡೆಂಟ್‌ನ ಗುರುತೂ ಇರಬಹುದು, ಹೊರಗಿನಿಂದ ತಿಳಿಯೋದು ಕಷ್ಟ. ಟ್ರಾಫಿಕ್‌ನಲ್ಲಿ ನಿಂತಾಗ ಮೆಲ್ಲಗೆ ಏರುವ ಟೆಂಪರೇಚರ್ ಮುಳ್ಳು. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಬರುವ ಜರ್ಕ್, "ಆಯಿಲ್ ಬದಲಾಯಿಸಿದರೆ ಸರಿಹೋಗುತ್ತೆ" ಅಂತ ಎಷ್ಟೇ ಹೇಳಲಿ. ಸೀಟ್ ಬೆಲ್ಟ್ ಪೂರ್ತಿ ಎಳೆದಾಗ ಕೊನೆಯಲ್ಲಿ ಕೆಸರಿನ ಗೆರೆ ಕಂಡರಂತೂ ಗಾಡಿ ನೀರಿನಲ್ಲಿ ನಿಂತದ್ದು, ವೈರಿಂಗ್ ಯಾವಾಗ ಕೈ ಕೊಡುತ್ತೋ ಗೊತ್ತಿಲ್ಲ. ಇಂಥವು ಅರ್ಧ ಬೆಲೆಗೆ ಸಿಕ್ಕರೂ ಬೇಡ. ಇನ್ನು ಕೆಲವು ಜಾಗಗಳಲ್ಲಿ ಇಂಜಿನ್ ಲೈಟ್ ಉರಿಯುತ್ತಿದ್ದರೆ ವಾರ್ಷಿಕ ತಪಾಸಣೆಯಲ್ಲೇ ಗಾಡಿ ಫೇಲ್ ಆಗುತ್ತದೆ. ನಿಮ್ಮಲ್ಲಿ ನಿಯಮ ಹೇಗಿದೆ ಅಂತ ನೋಡಿಕೊಂಡು ಮುಂದೆ ಹೋಗಿ.

ರಿಪೇರಿ ಆಯಿತು. ಅಂದುಕೊಂಡ ಹಾಗೇ ಒಂದು ಸ್ಟಡ್ ಮುರಿಯಿತು, ಮೆಕ್ಯಾನಿಕ್ ಅದಕ್ಕೇ ಅರ್ಧ ದಿನ ತಗೊಂಡರು. ಗ್ಯಾಸ್ಕೆಟ್ ಹಾಕಿದ ಮೇಲೆ ಬೆಳಗಿನ ಟಿಕ್ ಟಿಕ್ ಇಲ್ಲ. ಸೆನ್ಸರ್ ಬದಲಾಯಿಸಲಿಲ್ಲ, ಹಳೆಯದೇ ಸರಿಯಾಗಿ ಓದುತ್ತಿದೆ. ಕೋಡ್ ಅಳಿಸಿ ಓಡಿಸಿದ ಮೇಲೆ ಮಾನಿಟರ್‌ಗಳೆಲ್ಲ ಭರ್ತಿಯಾದವು, ಕನ್ವರ್ಟರ್‌ನದೂ ಸೇರಿ. ಲೈಟ್ ಮತ್ತೆ ಬಂದಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಟೈರಿಗೆ ಅರ್ಧ, ಕಿಟಕಿಗೆ ಅರ್ಧ ಕಳೆದಿದ್ದೇನೆ. ಬೆಲೆ ಇಳಿಸದೇ ಇದ್ದಿದ್ದರೆ ಇದೇ ಗಾಡಿಗೆ ಎರಡು ಕೊಟ್ಟು ಬೇರೆಯದನ್ನು ನೋಡುತ್ತಿದ್ದೆ.