ಆರು ವರ್ಷ ಬಳಸಿದ ಟೂಲ್ ಸೆಟ್: ಉಕ್ಕಿಗೆ ನಾಲ್ಕು ಸ್ಟಾರ್, ಲೇಬಲ್ಲಿಗೆ ಒಂದೂ ಇಲ್ಲ

ಅರ್ಧ ಇಂಚಿನ ರಾಚೆಟ್ (ಒಳಗಿನ ಹಲ್ಲಿನಿಂದ ಒಂದೇ ದಿಕ್ಕಿಗೆ ಹಿಡಿದು ತಿರುಗಿಸುವ ಹಿಡಿ), ಅದಕ್ಕೆ ಸಿಕ್ಕಿಸಿ ಬೋಲ್ಟಿನ ಮೇಲೆ ಕೂರಿಸುವ 10ರಿಂದ 32 ಎಂಎಂವರೆಗಿನ ಸಾಕೆಟ್‌ಗಳು, ಒಂದಿಷ್ಟು ಸ್ಪ್ಯಾನರ್, ಒಂದು ಕಟಿಂಗ್ ಪ್ಲೈಯರ್. ಈ ಸೆಟ್ ನನ್ನ ಕೈಗೆ ಬಂದು ಆರು ವರ್ಷವಾಯ್ತು. ಗಾಡಿಯ ಚಕ್ರ, ನೀರಿನ ಪಂಪು, ತುಕ್ಕು ಹಿಡಿದ ಕ್ಲಾಂಪು, ಎಲ್ಲಕ್ಕೂ ಇದನ್ನೇ ಬಳಸಿದ್ದೇನೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಚಾಳಿ ಇರುವ ಡಬ್ಬಗಳನ್ನು ಆಮೇಲೆ ಬೇಕಾದಷ್ಟು ನೋಡಿದ್ದೇನೆ, ಒಬ್ಬರನ್ನೇ ಎತ್ತಿ ಆಡಿ ಪ್ರಯೋಜನವಿಲ್ಲ.

ಮೊದಲು ಕೆಲಸದ ವಿಷಯ. ಸಾಕೆಟ್‌ಗಳು ಚೆನ್ನಾಗಿವೆ. 17ರ ಸಾಕೆಟ್ಟನ್ನು ಎಷ್ಟು ಸಲ ಪೈಪು ಸೇರಿಸಿ ಎಳೆದಿದ್ದೇನೋ ಲೆಕ್ಕವಿಲ್ಲ. ಬಾಯಿ ಹತ್ತಿರ ಕ್ರೋಮ್ ಸ್ವಲ್ಪ ಎದ್ದಿದೆ, ಆದರೆ ಒಳಗಿನ ಆರು ಮೂಲೆ ಸವೆದಿಲ್ಲ, ಬಿರುಕೂ ಇಲ್ಲ. ಸ್ಪ್ಯಾನರ್‌ಗಳ ಬಗ್ಗೆ ಹೇಳುವಂಥದ್ದೇನಿಲ್ಲ. ರಾಚೆಟ್ ಮಾತ್ರ ನಾಲ್ಕನೇ ವರ್ಷ ಕೈಕೊಟ್ಟಿತು. ಬಿಗಿ ಬೋಲ್ಟಿನ ಮೇಲೆ ಭಾರ ಬಿಟ್ಟಾಗ ‘ಟಕ್’ ಅಂತ ಹಲ್ಲು ಜಾರಿ, ಬೆರಳಿನ ಗಂಟುಗಳು ಚಾಸಿಗೆ ಬಡಿದು ಚರ್ಮ ಕಿತ್ತುಬಂತು.

ಇನ್ನು ಲೇಬಲ್. ಡಬ್ಬದ ಮುಚ್ಚಳದ ಮೇಲೆ ಜರ್ಮನಿಯ ಬಾವುಟದ ಹಾಗೆ ಕಪ್ಪು, ಕೆಂಪು, ಹಳದಿ ಪಟ್ಟಿ, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಜರ್ಮನ್ ಎಂಜಿನಿಯರಿಂಗ್’. ‘ಮೇಡ್ ಇನ್ ಜರ್ಮನಿ’ ಅಂತ ಎಲ್ಲೂ ಬರೆದಿರಲಿಲ್ಲ, ಇದೆ ಅಂತ ನಾನೇ ಓದಿಕೊಂಡೆ. ಆ ನಂಬಿಕೆಗೆ ಒತ್ತಾಸೆಯಾಗಿ ಬಾರ್‌ಕೋಡ್ 400ರಿಂದ ಶುರುವಾಗಿತ್ತು, ಪ್ಲೈಯರ್ ಮೇಲೆ ‘ಡಿಐಎನ್ ಐಎಸ್‌ಒ 5746’ ಅಂತಿತ್ತು, ಸ್ಪ್ಯಾನರ್ ಮೇಲೆ ‘ಕ್ರೋಮ್ ವೆನೇಡಿಯಂ’. ಮೂರರಲ್ಲಿ ಒಂದೂ ದೇಶದ ಗುರುತಲ್ಲ. ಬಾರ್‌ಕೋಡ್ 400ರಿಂದ 440ರೊಳಗೆ ಶುರುವಾದರೆ ಆ ನಂಬರನ್ನು, ಬಾರ್‌ಕೋಡ್ ನಂಬರ್ ಹಂಚುವ ಜಿಎಸ್‌1 ಸಂಸ್ಥೆಯ ಜರ್ಮನ್ ಶಾಖೆ ಕೊಟ್ಟಿದೆ ಎಂದಷ್ಟೇ ಅರ್ಥ, ಮಾಲು ಎಲ್ಲಿಯದಾದರೂ ಆಗಬಹುದು. ಡಿಐಎನ್ ಅಂದರೆ ಜರ್ಮನಿಯ ಮಾನದಂಡ ಸಂಸ್ಥೆ, 5746 ಅನ್ನುವುದು ಪ್ಲೈಯರಿನ ಅಳತೆ ಮತ್ತು ತಾಳಿಕೆಯ ಮಾನದಂಡ. ಆ ಮಾನದಂಡಕ್ಕೆ ಯಾವ ದೇಶದಲ್ಲಿ ಕೂತು ಬೇಕಾದರೂ ಮಾಡಬಹುದು. ಕ್ರೋಮ್ ವೆನೇಡಿಯಂ ಬರೀ ಉಕ್ಕಿನ ಜಾತಿ.

ಗುಟ್ಟು ಹೊರಬಿದ್ದದ್ದು ಮೂರನೇ ವರ್ಷ. ಪ್ಲೈಯರಿನ ಒಂದು ಹಿಡಿಯ ಪ್ಲಾಸ್ಟಿಕ್ ಕವಚ ಎಣ್ಣೆ ಕುಡಿದು ಸಡಿಲವಾಗಿತ್ತು, ತಂತಿ ತಿರುಚುವಾಗ ಪೂರ್ತಿ ಕಳಚಿ ಕೈಗೆ ಬಂತು. ಒಳಗೆ ಬರೀ ಕಪ್ಪು ಕಬ್ಬಿಣ. ಬಟ್ಟೆಯಿಂದ ಒರೆಸಿದರೆ ಅಕ್ಕಿಕಾಳಿಗಿಂತ ಚಿಕ್ಕ ಅಕ್ಷರದಲ್ಲಿ ಪಂಚ್ ಹೊಡೆದಿದ್ದರು: ತೈವಾನ್. ಗುರುತು ಹಾಕಿದ್ದಾರೆ, ಹಾಕಿಲ್ಲ ಅನ್ನುವ ಹಾಗಿಲ್ಲ. ಹಾಕಿ ಅದರ ಮೇಲೆ ಕವಚ ಏರಿಸಿದ್ದಾರೆ! ಮುಂದಿನ ವರ್ಷ ರಾಚೆಟ್ ತಲೆಗೆ ಬದಲಿ ಸಾಮಾನು ತರಿಸಿದೆ. ಅದರ ಪೊಟ್ಟಣದ ಮೇಲೆ ಚೀನಾ ಅಂತ ನೇರವಾಗಿಯೇ ಇತ್ತು. ಬಡಪಾಯಿ ಪೊಟ್ಟಣ, ಇಡೀ ಸೆಟ್ಟಿನಲ್ಲಿ ನಿಜ ಹೇಳಿದ್ದು ಅದೊಂದೇ.

ತೈವಾನ್ ಅಂದರೆ ಕಳಪೆ ಅಂತ ನಾನು ಹೇಳುತ್ತಿಲ್ಲ. ಅಲ್ಲಿನ ತೈಚುಂಗ್ ನಗರದ ಸುತ್ತಮುತ್ತ ಕೈ ಉಪಕರಣ ಮಾಡುವ ಕಾರ್ಖಾನೆಗಳು ಸಾಲುಗಟ್ಟಿವೆ, ಹೆಸರಾಂತ ಬ್ರ್ಯಾಂಡುಗಳೂ ಅಲ್ಲಿಂದ ಮಾಡಿಸುತ್ತವೆ. ಅದನ್ನೇ ಡಬ್ಬದ ಮೇಲೆ ಬರೆದಿದ್ದರೆ ನಾನು ಆಗಲೂ ಕೊಳ್ಳುತ್ತಿದ್ದೆ. ಬಾವುಟಕ್ಕೆ ಅಂತ ಹೆಚ್ಚಿಗೆ ಕೊಟ್ಟ ದುಡ್ಡು ಮಾತ್ರ ಉಳಿಯುತ್ತಿತ್ತು.

ಈ ಆಟ ಎಷ್ಟು ಹಳೆಯದು ಅಂದರೆ ಅಮೆರಿಕದ ಆಮದು ನಿಯಮದಲ್ಲಿ ಪ್ಲೈಯರಿನ ಹೆಸರೇ ಹಿಡಿದು ಬರೆದಿದ್ದಾರೆ. ಚಾಕು, ಕತ್ತರಿ, ಪ್ಲೈಯರುಗಳಿಗೆ ದೇಶದ ಹೆಸರನ್ನು ಅಚ್ಚೊತ್ತಬೇಕು, ಇಲ್ಲವೇ ಕೊರೆಯಬೇಕು, ಇಲ್ಲವೇ ಲೋಹದ ಪಟ್ಟಿ ಗಟ್ಟಿಯಾಗಿ ಕೂರಿಸಬೇಕು. ಸ್ಟಿಕ್ಕರ್ ಅಂಟಿಸಿದರೆ ಸಾಲದು. ಅಚ್ಚೊತ್ತಿದ್ದೂ ಸಹಜವಾಗಿ ಕೈಯಲ್ಲಿ ಹಿಡಿದಾಗ ಕಾಣುವಂತಿರಬೇಕು. ನನ್ನ ಪ್ಲೈಯರ್ ಆ ಪರೀಕ್ಷೆಯಲ್ಲಿ ಹೇಗೆ ಪಾಸಾದೀತು?

ಅದಕ್ಕಿಂತ ಸೂಕ್ಷ್ಮವಾದದ್ದು ಅರ್ಧ ಕೆಲಸ ಒಂದು ದೇಶದಲ್ಲಿ, ಇನ್ನರ್ಧ ಮತ್ತೊಂದು ದೇಶದಲ್ಲಿ ನಡೆದರೆ ಏನು ಅನ್ನುವ ಪ್ರಶ್ನೆ. 1992ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ ತೀರ್ಮಾನಿಸಿದ ಮೊಕದ್ದಮೆಯಲ್ಲಿ ಸಾಕೆಟ್ ಮತ್ತು ಹಿಡಿಗಳ ಆಕಾರ ತೈವಾನಿನಲ್ಲೇ ಮೂಡಿತ್ತು. ಕಾಯಿಸಿ ಹದ ಹಾಕುವುದು, ಕ್ರೋಮ್ ಲೇಪ, ಜೋಡಣೆ ಅಮೆರಿಕದಲ್ಲಿ ನಡೆದಿತ್ತು. ಇಷ್ಟು ಮಾಡಿದ್ದೇವಲ್ಲ, ತೈವಾನ್ ಅಂತ ಯಾಕೆ ಬರೆಯಬೇಕು ಅಂತ ಕಂಪನಿಯ ವಾದ. ಅಲ್ಲಿ ಸಾಕೆಟ್ಟಾಗಿದ್ದದ್ದು ಇಲ್ಲಿಗೆ ಬಂದ ಮೇಲೂ ಸಾಕೆಟ್ಟೇ, ಗುರುತು ಬೇಕೇಬೇಕು ಅಂತ ತೀರ್ಪಾಯಿತು. ಹದ ಸರಿಯಿಲ್ಲದ ಸಾಕೆಟ್ ಮೊದಲ ಬಿಗಿ ಬೋಲ್ಟಿಗೇ ಒಡೆಯುತ್ತದೆ, ಹಾಗಾಗಿ ಕುಲುಮೆಯ ಆ ಕೆಲಸ ಸಣ್ಣದೇನಲ್ಲ. ಆದರೂ ತೀರ್ಪು ನನಗೆ ಸರಿ ಅನ್ನಿಸುತ್ತದೆ.

ದೊಡ್ಡವರೂ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ. 2006ರಲ್ಲಿ ಅಮೆರಿಕದ ಉಪಕರಣ ಕಂಪನಿ ಸ್ಟಾನ್ಲಿ ವರ್ಕ್ಸ್, ಒಂದು ಬಗೆಯ ರಾಚೆಟ್‌ಗಳ ‘ಮೇಡ್ ಇನ್ ಯುಎಸ್‌ಎ’ ಗುರುತು ಸುಳ್ಳು ಅನ್ನುವ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನಿನ (ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ) ಆರೋಪ ಇತ್ಯರ್ಥ ಮಾಡಿಕೊಳ್ಳಲು 2,05,000 ಡಾಲರ್ ದಂಡ ಕಟ್ಟಲು ಒಪ್ಪಿತು. ಅಂದಹಾಗೆ, ‘ಮೇಡ್ ಇನ್ ಜರ್ಮನಿ’ ಅನ್ನುವ ಗುರುತು ಚಾಲ್ತಿಗೆ ಬಂದದ್ದೇ 1887ರ ಬ್ರಿಟಿಷ್ ಕಾನೂನಿನಿಂದ. ಜರ್ಮನಿಯ ಚಾಕು ಕತ್ತರಿಗಳು, ಅದಕ್ಕೇ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹೆಸರು ಹೊತ್ತು ಬರುತ್ತಿದ್ದವು, ಜನ ಅವನ್ನು ಗುರುತಿಸಿ ದೂರ ಇಡಲಿ ಅಂತ ಮಾಡಿದ ಮುದ್ರೆ ಅದು. ಇವತ್ತು ಅದರ ನೆರಳು ತೋರಿಸಿಯೇ ನನ್ನ ಜೇಬಿಗೆ ಕತ್ತರಿ ಹಾಕಿದ್ದಾರೆ.

ಈಗ ಕೊಳ್ಳುವಾಗ ಡಬ್ಬ ಬದಿಗಿಟ್ಟು ಸಾಮಾನು ಕೈಗೆತ್ತಿಕೊಳ್ಳುತ್ತೇನೆ. ‘ಡಿಸೈನ್’, ‘ಟೆಕ್ನಾಲಜಿ’, ‘ಕ್ವಾಲಿಟಿ’ ಪದಗಳ ಹಿಂದೆ ದೇಶದ ಹೆಸರಿದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೆಟ್ಟಾದರೆ ಒಂದೊಂದನ್ನೂ ತಿರುಗಿಸಿ ನೋಡುತ್ತೇನೆ, ಮಾರುವವರು ಮುಖ ಸಿಂಡರಿಸಿದರೂ ಸರಿ.

ಮತ್ತೆ ಇದನ್ನೇ ಕೊಳ್ಳುತ್ತೀರಾ ಅಂದರೆ, ಸಾಕೆಟ್ ಬಿಡಿಯಾಗಿ ಸಿಕ್ಕರೆ ಹೌದು, ಸೆಟ್ ಬೇಡ. ರಾಚೆಟ್ ಹೊಸ ತಲೆಯೊಂದಿಗೆ ಎರಡು ವರ್ಷದಿಂದ ತಕರಾರಿಲ್ಲದೆ ತಿರುಗುತ್ತಿದೆ. ಪ್ಲೈಯರಿನ ಹಿಡಿಗೆ ಟೇಪ್ ಸುತ್ತಿಕೊಂಡಿದ್ದೇನೆ, ಕರೆಂಟಿನ ಕೆಲಸಕ್ಕೆ ಮಾತ್ರ ಅದನ್ನು ಮುಟ್ಟುವುದಿಲ್ಲ.