ಎರಡು ಹೆಡ್, ಒಂದೇ ಕ್ಯಾಬಿನೆಟ್: ರೇಡಿಯಲ್ ಹೆಡ್‌ಬೋನ್ ವಿಟಿ ಹೇಗಿದೆ?

ಹೆಡ್‌ಬೋನ್ ವಿಟಿ ಅಂದರೆ ಎರಡು ಟ್ಯೂಬ್ ಗಿಟಾರ್ ಹೆಡ್‌ಗಳನ್ನು (ಒಳಗೆ ಸ್ಪೀಕರ್ ಇಲ್ಲದ ಆಂಪ್) ಒಂದೇ ಸ್ಪೀಕರ್ ಕ್ಯಾಬಿನೆಟ್‌ಗೆ ಜೋಡಿಸಿ, ಕಾಲಿನಿಂದ ಒತ್ತಿ ಬದಲಿಸುವ ಪೆಟ್ಟಿಗೆ. ಮೊದಲೇ ಹೇಳಿಬಿಡುತ್ತೇನೆ, ಈ ಪೆಟ್ಟಿಗೆ ನಿಮ್ಮ ಪರವಾಗಿ ಓಮ್ (ಸ್ಪೀಕರ್ ಆಂಪ್‌ಗೆ ಒಡ್ಡುವ ತಡೆಯ ಅಳತೆ) ಲೆಕ್ಕ ಹಾಕುವುದಿಲ್ಲ. ಅದು ಗೊತ್ತಿದ್ದು ತಗೊಂಡರೆ ತುಂಬಾ ಒಳ್ಳೆಯ ವಸ್ತು. ಗೊತ್ತಿಲ್ಲದೆ ತಗೊಂಡರೆ ಆಂಪ್ ಕೆಡಬಹುದು.

ನನ್ನ ಹತ್ತಿರ ಎರಡು ಟ್ಯೂಬ್ ಹೆಡ್ ಇವೆ. ಒಂದು 50 ವ್ಯಾಟಿನ ಮಾರ್ಷಲ್ ಜೆಸಿಎಂ 800. ಇನ್ನೊಂದು ಅಮೆರಿಕದಿಂದ ಬಂದ ಹಳೇ ಫೆಂಡರ್ ಬಾಸ್‌ಮನ್. ಅದಕ್ಕೆ 120 ವೋಲ್ಟ್ ಬೇಕು, ಹಾಗಾಗಿ ಪಕ್ಕದಲ್ಲಿ ಯಾವಾಗಲೂ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೂತಿರುತ್ತದೆ. ಎರಡೂ ಒಂದೇ ಮನೆತನದವು ಅನ್ನಬಹುದು, ಏಕೆಂದರೆ 1962ರಲ್ಲಿ ಮಾರ್ಷಲ್‌ನವರು ತಮ್ಮ ಮೊದಲ ಆಂಪ್ ಮಾಡಿದ್ದೇ ಬಾಸ್‌ಮನ್ ಸರ್ಕ್ಯೂಟ್ ಇಟ್ಟುಕೊಂಡು. ಕ್ಯಾಬಿನೆಟ್ ಮಾತ್ರ ಒಂದೇ, ಮಾರ್ಷಲ್ 1960ಎ. ನಮ್ಮ ಜಾಮ್ ರೂಮಿನಲ್ಲಿ ಇನ್ನೊಂದಕ್ಕೆ ಜಾಗವಿಲ್ಲ.

ಹೆಡ್‌ಬೋನ್ ತಗೊಳ್ಳಲು ಒಂದು ಕಾರಣ ಇದೆ. ಹಿಂದೆ ನಮ್ಮ ಬ್ಯಾಂಡಿನ ಗೆಳೆಯನೊಬ್ಬ ಗಿಟಾರ್ ಸದ್ದನ್ನು ಎರಡು ದಾರಿಗಳ ನಡುವೆ ಬದಲಿಸುವ ಎ-ಬಿ ಪೆಡಲ್ ಸ್ವಿಚ್ಚನ್ನೇ ತಿರುಗಿಸಿ ಸ್ಪೀಕರ್ ಕಡೆಗೆ ಹಾಕಿಕೊಂಡಿದ್ದ. ಕಾರ್ಡ್ ಇನ್ನೂ ಗುಂಯ್ ಅನ್ನುತ್ತಿರುವಾಗಲೇ ಸ್ವಿಚ್ ಒತ್ತಿದ. ಪವರ್ ಟ್ಯೂಬಿನ ಬುಡದಲ್ಲಿ ಚಟ್ ಅಂತ ನೀಲಿ ಕಿಡಿ ಹಾರಿತು, ಆಮೇಲೆ ಸುಟ್ಟ ವಾರ್ನಿಶ್ ವಾಸನೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಯಿತು. ಟ್ಯೂಬ್ ಆಂಪ್‌ಗೆ ಸ್ಪೀಕರ್ ಅಂದರೆ ಬರೀ ಶಬ್ದ ಬರುವ ಜಾಗ ಅಲ್ಲ, ಅದೇ ಲೋಡ್, ಅಂದರೆ ಆಂಪಿನ ಶಕ್ತಿಯನ್ನು ಹೊರುವ ಭಾರ. ಸದ್ದು ಹೋಗುತ್ತಿರುವಾಗ ಲೋಡ್ ತಪ್ಪಿತು ಅಂದರೆ ಟ್ರಾನ್ಸ್‌ಫಾರ್ಮರ್ ಒಳಗೆ ವೋಲ್ಟೇಜ್ ಏರಿಬಿಡುತ್ತದೆ, ದಾರಿ ಸಿಕ್ಕ ಕಡೆ ಜಿಗಿಯುತ್ತದೆ.

ಹೆಡ್‌ಬೋನ್ ತಡೆಯುವುದು ಇದನ್ನೇ. ಗಿಟಾರ್ ಮೊದಲು ಪೆಟ್ಟಿಗೆಗೆ ಹೋಗುತ್ತದೆ, ಅಲ್ಲಿಂದ ಎರಡೂ ಹೆಡ್‌ಗಳಿಗೆ. ಎರಡೂ ಹೆಡ್‌ಗಳ ಸ್ಪೀಕರ್ ಔಟ್ ಮತ್ತೆ ಪೆಟ್ಟಿಗೆಗೇ ಬರುತ್ತವೆ, ಅಲ್ಲಿಂದ ಒಂದು ಕೇಬಲ್ ಕ್ಯಾಬಿನೆಟ್‌ಗೆ. ಕಾಲಿನಿಂದ ಒತ್ತಿದರೆ ಬಿಡುವಾದ ಹೆಡ್‌ಗೆ ಗಿಟಾರ್ ಸದ್ದು ನಿಲ್ಲುತ್ತದೆ, ಅದರ ಔಟ್‌ಪುಟ್ ಒಳಗಿರುವ ಲೋಡ್ ರೆಸಿಸ್ಟರ್‌ಗೆ ಸೇರುತ್ತದೆ. ಆದರೆ ಆ ರೆಸಿಸ್ಟರ್ ಇರುವುದು ಸುಮ್ಮನಿರುವ ಹೆಡ್‌ಗಾಗಿ. ಇದನ್ನು ಅಟೆನ್ಯುಯೇಟರ್ (ಆಂಪಿನ ಶಕ್ತಿ ಹೀರಿ ಸದ್ದು ತಗ್ಗಿಸುವ ಸಾಧನ) ಅಂದುಕೊಂಡು ಪೂರ್ತಿ ಸದ್ದು ಕುಡಿಸಬೇಡಿ.

ಈಗ ಓಮ್ ವಿಷಯ. ಪೆಟ್ಟಿಗೆಯಲ್ಲಿ 4, 8, 16 ಅಂತ ಆರಿಸುವ ಸ್ವಿಚ್ ಇಲ್ಲ. ಕ್ಯಾಬಿನೆಟ್ ಎಷ್ಟು ಓಮೋ ಎರಡೂ ಹೆಡ್‌ಗಳು ಅಷ್ಟಕ್ಕೇ ಇರಬೇಕು. ನನ್ನ ಮಾರ್ಷಲ್ ಹಿಂದೆ 4, 8, 16 ಮೂರೂ ಇವೆ, ಅದರಲ್ಲಿ ಚಿಂತೆ ಇಲ್ಲ. ಆದರೆ ಬಾಸ್‌ಮನ್ 4 ಓಮ್ ಮಾತ್ರ, ಬದಲಾಯಿಸಲು ಏನೂ ಇಲ್ಲ. ಅಂದರೆ ಹಟ ಹಿಡಿದಿರುವವನ ದಾರಿಗೇ ಉಳಿದವರು ಬರಬೇಕು, ಅಲ್ವಾ? 1960ಎ ಹಿಂಬದಿಯಲ್ಲಿ ಮೋನೊ ಇಟ್ಟಾಗ ಒಂದು ಜ್ಯಾಕ್ 4 ಓಮ್, ಇನ್ನೊಂದು 16. ನಾನು 4ಕ್ಕೆ ಚುಚ್ಚಿ, ಮಾರ್ಷಲನ್ನೂ 4ಕ್ಕೆ ತಿರುಗಿಸಿದೆ. ಮುಗಿಯಿತು.

ಕ್ಯಾಬಿನೆಟ್ ಮೇಲೆ ಬರೆದಿದ್ದನ್ನು ಮಾತ್ರ ನಂಬಬೇಡಿ. ಸೆಕೆಂಡ್‌ಹ್ಯಾಂಡ್ ಕ್ಯಾಬ್ ಆದರೆ ಯಾರು ಒಳಗೆ ಏನು ವೈರ್ ಬದಲಿಸಿದ್ದಾರೋ. ಸ್ಪೀಕರ್ ಕೇಬಲ್ ಕ್ಯಾಬಿಗೆ ಚುಚ್ಚಿ, ಇನ್ನೊಂದು ತುದಿಯ ಪ್ಲಗ್‌ಗೆ ಮಲ್ಟಿಮೀಟರ್ ಹಿಡಿದು ನೋಡಿ, ನಮೂದಾದದ್ದಕ್ಕಿಂತ ಸ್ವಲ್ಪ ಕಡಿಮೆಯೇ ತೋರಿಸುತ್ತದೆ. 8 ಓಮಿನದು ಆರು, ಆರೂವರೆ ಹತ್ತಿರ. 16ರದ್ದು ಹನ್ನೆರಡರ ಆಸುಪಾಸು. ನನ್ನದು ಮೂರು ಚಿಲ್ಲರೆ ತೋರಿಸಿತು, ಹಾಗಾದರೆ 4 ಸರಿ. ಇನ್ನೊಂದು ಕ್ಯಾಬನ್ನು ಪ್ಯಾರಲಲ್ ಜೋಡಿಸಿದರೆ ಲೆಕ್ಕ ಬದಲಾಗುತ್ತದೆ: ಎರಡು 16 ಸೇರಿ 8, ಎರಡು 8 ಸೇರಿ 4.

ಕೇಬಲ್ ಆರು ಬೇಕು. ಮೂರು ಗಿಟಾರ್ ಕೇಬಲ್, ಮೂರು ಸ್ಪೀಕರ್ ಕೇಬಲ್. ಪ್ಲಗ್ ನೋಡಲು ಒಂದೇ ಥರ ಇದ್ದರೂ ಗಿಟಾರ್ ಕೇಬಲ್ ಒಳಗಿನ ತಂತಿ ತೀರಾ ತೆಳು, ಅದನ್ನು ಸ್ಪೀಕರ್‌ಗೆ ಬಳಸಲೇಬೇಡಿ. ನಾನು ಸ್ಪೀಕರ್ ಕೇಬಲ್‌ಗಳಿಗೆ ಕೆಂಪು ಟೇಪ್ ಸುತ್ತಿದ್ದೇನೆ.

ಎರಡು ಆಂಪ್ ಸೇರಿದ ಕೂಡಲೇ ಹಮ್, ಅಂದರೆ ಗುಂಯ್‌ಗುಡುವ ಸದ್ದು, ಶುರುವಾಯಿತು. ಪೆಟ್ಟಿಗೆಯಲ್ಲಿ ಎರಡನೇ ಆಂಪಿನ ಕಡೆ ಐಸೋಲೇಶನ್ ಟ್ರಾನ್ಸ್‌ಫಾರ್ಮರ್, ಗ್ರೌಂಡ್ ಲಿಫ್ಟ್ (ಆ ಕೇಬಲಿನ ಗ್ರೌಂಡ್ ಸಂಪರ್ಕ ಬಿಡಿಸುವ ಸ್ವಿಚ್) ಎರಡೂ ಇವೆ. ಲಿಫ್ಟ್ ಒತ್ತಿದೆ, ಹಮ್ ಹೋಯಿತು. ದಯವಿಟ್ಟು ಹಮ್ ನಿಲ್ಲಿಸಲು ಪ್ಲಗ್ಗಿನ ಅರ್ತ್ ಪಿನ್ ಕಿತ್ತು ಹಾಕಬೇಡಿ. ನಮ್ಮಲ್ಲಿ ಜಾಸ್ತಿ ಜನ ಹೀಗೆ ಮಾಡುವುದನ್ನು ನೋಡಿ ನನಗೆ ನಿಜಕ್ಕೂ ಭಯ ಆಗುತ್ತದೆ, ಏನಾದರೂ ಕೆಟ್ಟರೆ ಶಾಕ್ ಹೊಡೆಯುವುದು ಗಿಟಾರ್ ತಂತಿ ಹಿಡಿದ ಕೈಗೆ.

ಟ್ರಾನ್ಸಿಸ್ಟರ್ ಆಂಪ್ ಇದ್ದವರಿಗೆ ವಿಟಿ ಅಲ್ಲ, ಟಿಎಸ್ (ಒಂದು ಟ್ಯೂಬ್, ಒಂದು ಟ್ರಾನ್ಸಿಸ್ಟರ್) ಅಥವಾ ಎಸ್ಎಸ್ (ಎರಡೂ ಟ್ರಾನ್ಸಿಸ್ಟರ್) ಮಾದರಿ ನೋಡಿ. ನಿಮ್ಮ ಒಂದು ಹೆಡ್ 8 ಮಾತ್ರ, ಇನ್ನೊಂದು 4 ಮಾತ್ರ ಅಂತಿದ್ದರೆ ಸದ್ಯಕ್ಕೆ ಇದು ಬೇಡ, ಅದೇ ದುಡ್ಡಿಗೆ ಎರಡನೇ ಕ್ಯಾಬ್ ಹುಡುಕಿ. ನನ್ನ ಹಾಗೆ ಎರಡೂ ಒಂದೇ ಓಮ್‌ಗೆ ಬರುತ್ತವೆ ಅಂದರೆ ಧೈರ್ಯವಾಗಿ ತಗೊಳ್ಳಿ. ಪಲ್ಲವಿಗೆ ಬಾಸ್‌ಮನ್, ಸೋಲೋಗೆ ಮಾರ್ಷಲ್, ನಡುವೆ ಒಂದೇ ಒಂದು ಒತ್ತು. ಆ ಕ್ಷಣದಲ್ಲಿ ಈಗ ನಾನು ಟ್ಯೂಬ್ ಕಡೆ ತಿರುಗಿ ನೋಡುವುದಿಲ್ಲ.